ಗುಣಕ ಬಿಡಿ, ಸೋರಿಕೆ ಕೇಳಿ: ಉನ್ನತ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯಗಳು ಅನುದಾನ ಕೇಳಿ ಬರುವಾಗ ಜೊತೆಗೊಂದು ಆರ್ಥಿಕ ವರದಿ ತರುತ್ತವೆ. ‘ನಮಗೆ ಕೊಟ್ಟ ಹಣ ಸುತ್ತಲಿನ ಪ್ರದೇಶದಲ್ಲಿ ಎರಡು ಪಟ್ಟಾಗುತ್ತದೆ’ ಎಂಬ ಅರ್ಥದ ಸಾಲು ಅದರ ಮೊದಲ ಪುಟದಲ್ಲೇ ಇರುತ್ತದೆ. ಹಣ ಎಷ್ಟು ಪಟ್ಟಾಗುತ್ತದೆ ಎನ್ನುವ ಈ ಅಂಕಿಗೆ ಗುಣಕ ಎಂದು ಹೆಸರು. ಆ ಒಂದು ಅಂಕಿಯನ್ನು ನಂಬಿ ಹಣ ಕೊಡಬೇಡಿ. ಅದನ್ನು ನಂಬಲಾಗದು ಎಂದು ಹಣ ತಡೆಹಿಡಿಯಲೂ ಬೇಡಿ.

ಲೆಕ್ಕ ಹೀಗೆ ನಡೆಯುತ್ತದೆ. ಉದಾಹರಣೆಗೆ, ವಿಶ್ವವಿದ್ಯಾಲಯ ವರ್ಷಕ್ಕೆ 100 ಪಾಲು ಖರ್ಚು ಮಾಡುತ್ತದೆ ಎಂದಿಟ್ಟುಕೊಳ್ಳಿ: ಸಂಬಳ 60, ಖರೀದಿ 25, ಕಟ್ಟಡ 15. ಸಂಬಳದಲ್ಲಿ 20 ತೆರಿಗೆಗೂ ಉಳಿತಾಯಕ್ಕೂ ಹೋದರೆ, ಉಳಿದ 40ರಲ್ಲಿ ಅರ್ಧ ಹೊರಗೆ ತಯಾರಾದ ಸರಕಿಗೆ ಸಲ್ಲುತ್ತದೆ. ಸ್ಥಳೀಯವಾಗಿ ನಿಲ್ಲುವುದು 20. ಖರೀದಿಯ ಬಹುಪಾಲು ಉಪಕರಣ ಮತ್ತು ರಾಸಾಯನಿಕಗಳದ್ದು, ಅವು ದೂರದಿಂದಲೇ ಬರುತ್ತವೆ, ಹಾಗಾಗಿ ಅಲ್ಲಿ ನಿಲ್ಲುವುದು 5. ಕಟ್ಟಡದಿಂದ 9. ಒಟ್ಟು 34. ಆ ಹಣ ಕೈಯಿಂದ ಕೈಗೆ ಖರ್ಚಾಗುವ ಮುಂದಿನ ಪ್ರತಿ ಸುತ್ತಿನಲ್ಲೂ ಮೂರನೇ ಒಂದು ಭಾಗ ಸ್ಥಳೀಯವಾಗಿ ಉಳಿಯುತ್ತದೆ ಎಂದರೆ ಆ 34 ಕೊನೆಗೆ 51 ಆಗುತ್ತದೆ. ಮೂಲದ 100 ಸೇರಿಸಿದರೆ 151. ವರದಿ 200 ಎನ್ನುತ್ತಿದ್ದರೆ ಸೋರಿಕೆಯನ್ನು, ಅಂದರೆ ಹೀಗೆ ಪ್ರದೇಶದಲ್ಲಿ ನಿಲ್ಲದೆ ಹೋಗುವ ಹಣವನ್ನು, ಎಲ್ಲೋ ಕಡಿಮೆ ಹಿಡಿದಿದ್ದಾರೆ ಎಂದೇ ತಿಳಿಯಬೇಕು. ಇಡೀ ದೇಶಕ್ಕೆ ಲೆಕ್ಕ ಹಾಕಿದ ಗುಣಕವನ್ನು ತಂದು ಒಂದು ಜಿಲ್ಲೆಗೆ ಅಂಟಿಸುವುದು ಇದಕ್ಕೆ ಸಾಮಾನ್ಯ ಕಾರಣ. ಪ್ರದೇಶ ಚಿಕ್ಕದಾದಷ್ಟೂ ಹಣ ಬೇಗ ಹೊರಗೆ ಹರಿಯುತ್ತದೆ.

ಆ 151 ಕೂಡ ಪೂರ್ತಿ ಲಾಭವಲ್ಲ. ಅದೇ ಪ್ರದೇಶದ ತೆರಿಗೆಯಿಂದ ಬಂದ ಹಣವನ್ನು ವಿಶ್ವವಿದ್ಯಾಲಯಕ್ಕೆ ಕೊಡದಿದ್ದರೂ ಅದು ಅಲ್ಲೇ ಬೇರೆ ಕೆಲಸಕ್ಕೆ ಖರ್ಚಾಗುತ್ತಿತ್ತು. ಹೊರಗಿನಿಂದ ಬಂದದ್ದು ಮಾತ್ರ ಹೊಸದು: ರಾಷ್ಟ್ರಮಟ್ಟದ ಸಂಶೋಧನಾ ಅನುದಾನ, ದೂರದ ಉದ್ಯಮಗಳ ಗುತ್ತಿಗೆ, ಬೇರೆ ಊರಿನ ವಿದ್ಯಾರ್ಥಿಗಳ ಖರ್ಚು. ಅದು 100ರಲ್ಲಿ 40 ಪಾಲಾದರೆ 151ರಲ್ಲಿ ಸುಮಾರು 60 ಮಾತ್ರ ನಿಜವಾದ ಸೇರ್ಪಡೆ. ಈ ವಿಭಜನೆಯಿಲ್ಲದ ವರದಿಯನ್ನು ದಯವಿಟ್ಟು ವಾಪಸ್ ಕಳಿಸಿ.

ಇಷ್ಟು ಕಳೆದ ಮೇಲೂ ನಾವು ವಿಶ್ವವಿದ್ಯಾಲಯದ ಪರವಾಗಿಯೇ ಬರೆಯುತ್ತಿದ್ದೇವೆ. ಸಂಬಳದ ಹಣವನ್ನು ಸೈನಿಕ ಶಿಬಿರವೂ ತರಬಲ್ಲದು, ಜೈಲೂ ತರಬಲ್ಲದು. ಜ್ಞಾನವನ್ನು, ಅದನ್ನು ಬಳಸಬಲ್ಲ ಜನರನ್ನು ತರುವುದು ಅವುಗಳಿಂದಾಗದು.

ಒಂದು ಪೇಟೆಂಟಿನ ಉದಾಹರಣೆ ಸಾಕು. ಸ್ಟ್ಯಾನ್‌ಫರ್ಡ್‌ನ ಸ್ಟ್ಯಾನ್ಲಿ ಕೋಹೆನ್ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹರ್ಬರ್ಟ್ ಬೋಯರ್ 1973ರ ನವೆಂಬರ್‌ನಲ್ಲಿ ಡಿಎನ್‌ಎ ಜೋಡಿಸುವ ವಿಧಾನವನ್ನು ಪ್ರಕಟಿಸಿದರು. ಪೇಟೆಂಟ್ ಅರ್ಜಿ ಸಲ್ಲಿಸಲು ಅಮೆರಿಕದ ಕಾನೂನು ಪ್ರಕಟಣೆಯ ನಂತರ ಒಂದು ವರ್ಷದ ಅವಕಾಶ ಕೊಡುತ್ತಿತ್ತು. ಆ ಗಡುವು ಮುಗಿಯಲು ಕೆಲವೇ ದಿನಗಳಿರುವಾಗ, 1974ರ ನವೆಂಬರ್ ಆರಂಭದಲ್ಲಿ, ಅರ್ಜಿ ಸಲ್ಲಿಕೆಯಾಯಿತು. ಅಂಥ ಅವಕಾಶವಿಲ್ಲದ ಯೂರೋಪಿನಂಥ ಕಡೆಗಳಲ್ಲಿ ಹಕ್ಕು ಆಗಲೇ ಕೈತಪ್ಪಿತ್ತು. ಆದರೂ ಲೈಸೆನ್ಸನ್ನು ಒಂದೇ ಕಂಪನಿಗೆ ಬಿಗಿಯಾಗಿ ಕಟ್ಟದೆ, ಕೇಳಿದವರಿಗೆಲ್ಲ ಸಣ್ಣ ಶುಲ್ಕಕ್ಕೆ ಕೊಟ್ಟರು. 1997ರಲ್ಲಿ ಅವಧಿ ಮುಗಿಯುವಷ್ಟರಲ್ಲಿ 468 ಕಂಪನಿಗಳು ಅದನ್ನು ಪಡೆದಿದ್ದವು, ಸುಮಾರು 25.5 ಕೋಟಿ ಡಾಲರ್ ರಾಯಧನ (ರಾಯಲ್ಟಿ) ಬಂದಿತ್ತು. 1976ರಲ್ಲಿ ಬೋಯರ್ ಸಹಸ್ಥಾಪಕರಾಗಿ ಆರಂಭವಾದ ಜೆನೆಂಟೆಕ್ ಸ್ಯಾನ್ ಫ್ರಾನ್ಸಿಸ್ಕೋದ ಮಗ್ಗುಲಲ್ಲೇ ಬೆಳೆದು, ಅಲ್ಲೊಂದು ಇಡೀ ಜೈವಿಕ ಉದ್ಯಮಕ್ಕೆ ನೆಲೆಯಾಯಿತು. ವಾರ್ಷಿಕ ಖರ್ಚಿನ ಗುಣಕದಲ್ಲಿ ಇದು ಯಾವುದೂ ಕಾಣುವುದಿಲ್ಲ.

ಅಂಥ ರಾಯಧನ ಪ್ರತಿ ವಿಶ್ವವಿದ್ಯಾಲಯಕ್ಕೂ ಬರುತ್ತದೆ ಎಂದು ಮಾತ್ರ ನಿರೀಕ್ಷಿಸಬೇಡಿ. ಆವಿಷ್ಕಾರಗಳನ್ನು ಕಂಪನಿಗಳಿಗೆ ಒಪ್ಪಿಸಲು ವಿಶ್ವವಿದ್ಯಾಲಯಗಳು ನಡೆಸುವ ಹೆಚ್ಚಿನ ಲೈಸೆನ್ಸ್ ಕಚೇರಿಗಳ ಆದಾಯ ಅವುಗಳ ಖರ್ಚಿಗೇ ಸಾಲುವುದಿಲ್ಲ. ಆದಾಯದ ಗುರಿ ಹೇರಿದರೆ ಕಚೇರಿ ಆರಂಭದಲ್ಲೇ ಹೆಚ್ಚು ಮುಂಗಡ, ಹೆಚ್ಚು ಷೇರು ಕೇಳತೊಡಗುತ್ತದೆ. ಮಾತುಕತೆ ತಿಂಗಳುಗಟ್ಟಲೆ ಎಳೆಯುತ್ತದೆ, ಸಣ್ಣ ಕಂಪನಿಯ ಬಂಡವಾಳ ಅಷ್ಟರಲ್ಲಿ ಕರಗಿಹೋಗಿರುತ್ತದೆ. ಪೇಟೆಂಟಿನ ಗಡುವುಗಳೂ ಕಾಯುವುದಿಲ್ಲ: ಮೊದಲ ಪೇಟೆಂಟ್ ಅರ್ಜಿಯಿಂದ 12 ತಿಂಗಳೊಳಗೆ ಅಂತರರಾಷ್ಟ್ರೀಯ ಅರ್ಜಿ, ಸಾಮಾನ್ಯವಾಗಿ 30 ತಿಂಗಳೊಳಗೆ ಹಕ್ಕು ಬೇಕಾದ ಒಂದೊಂದು ದೇಶದಲ್ಲೂ ಪ್ರತ್ಯೇಕ ಅರ್ಜಿ. ವೆಚ್ಚ ಏರುವುದು ಆ ಕೊನೆಯ ಹಂತದಲ್ಲಿ. ಅಷ್ಟರೊಳಗೆ ಲೈಸೆನ್ಸ್ ಪಡೆಯುವವರು ಸಿಗದಿದ್ದರೆ ಅರ್ಜಿಯನ್ನು ಕೈಬಿಡುವುದೇ ರೂಢಿ. ಆದ್ದರಿಂದ ಕಚೇರಿಯನ್ನು ಅಳೆಯುವುದಾದರೆ ಸಂಶೋಧಕರು ಆವಿಷ್ಕಾರ ತಿಳಿಸಿದ ದಿನದಿಂದ ಒಪ್ಪಂದಕ್ಕೆ ಸಹಿ ಬೀಳುವವರೆಗೆ ಎಷ್ಟು ದಿನ ಹಿಡಿಯಿತು ಎಂದು ಅಳೆಯಿರಿ.

ಉಪಕರಣಗಳ ವಿಷಯ ಇನ್ನೂ ಸರಳ, ಆದರೆ ಅಲ್ಲೇ ಹೆಚ್ಚು ನಷ್ಟ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನೋ ಅಣುಗಳ ರಚನೆ ತಿಳಿಸುವ ಎನ್‌ಎಂಆರ್ ಯಂತ್ರವನ್ನೋ ಸಣ್ಣ ಕಾರ್ಖಾನೆ ಕೊಳ್ಳಲಾರದು. ಗಂಟೆಗಿಷ್ಟು ಎಂದು ಕೊಟ್ಟು ಬಳಸಬಲ್ಲದು. ಅನುದಾನದಲ್ಲಿ ಯಂತ್ರದ ಬೆಲೆ ಇರುತ್ತದೆ, ನಡೆಸುವ ತಂತ್ರಜ್ಞರ ಹುದ್ದೆ ಇರುವುದಿಲ್ಲ, ನಿರ್ವಹಣೆ ಒಪ್ಪಂದವೂ ಇರುವುದಿಲ್ಲ. ಎನ್‌ಎಂಆರ್‌ನ ಅಯಸ್ಕಾಂತವನ್ನು ತಂಪಾಗಿಡುವ ದ್ರವ ಹೀಲಿಯಂ ಕಾಲಕಾಲಕ್ಕೆ ತುಂಬದಿದ್ದರೆ ಅದು ಅತಿವಾಹಕತೆ (ತಡೆಯಿಲ್ಲದೆ ವಿದ್ಯುತ್ ಹರಿಸುವ ಗುಣ) ಕಳೆದುಕೊಂಡು ಉಳಿದ ಹೀಲಿಯಂ ಆವಿಯಾಗಿ ಹೋಗುತ್ತದೆ. ಮತ್ತೆ ತಂಪಾಗಿಸಿ ಚಾಲೂ ಮಾಡಲು ದೊಡ್ಡ ವೆಚ್ಚ. ಯಂತ್ರ ಮಂಜೂರು ಮಾಡುವಾಗಲೇ ಐದು ವರ್ಷದ ನಿರ್ವಹಣೆ, ಒಬ್ಬ ತಂತ್ರಜ್ಞರ ಸಂಬಳ, ವಾರಕ್ಕಿಷ್ಟು ಗಂಟೆ ಹೊರಗಿನವರಿಗೆ ಎಂಬ ಷರತ್ತು ಸೇರಿಸಿ.

ಪದವೀಧರರೇ ಅತಿ ದೊಡ್ಡ ಬಾಬತ್ತು. ಪಾಸಾದವರ ಸಂಖ್ಯೆ ಒಂದರಿಂದಲೇ ಏನೂ ಗೊತ್ತಾಗದು. ಒಂದು, ಐದು, ಹತ್ತು ವರ್ಷಗಳ ಬಳಿಕ ಎಷ್ಟು ಮಂದಿ ಇದೇ ಪ್ರದೇಶದಲ್ಲಿ ದುಡಿಯುತ್ತಿದ್ದಾರೆ, ಅವರ ಗಳಿಕೆಗೂ ಪದವಿಯಿಲ್ಲದಿದ್ದರೆ ಗಳಿಸುತ್ತಿದ್ದುದಕ್ಕೂ ವ್ಯತ್ಯಾಸ ಎಷ್ಟು ಎಂಬುದು ಬೇಕು. ಹೆಸರು ತೆಗೆದ ತೆರಿಗೆ ದಾಖಲೆಗಳೊಂದಿಗೆ ಪದವಿ ದಾಖಲೆ ಹೊಂದಿಸಿದರೆ ಇದರ ಅಂದಾಜು ಸಿಗುತ್ತದೆ. ಆ ತೆರಿಗೆ ದಾಖಲೆ ಸರ್ಕಾರದ ಕೈಯಲ್ಲಿದೆ, ವಿಶ್ವವಿದ್ಯಾಲಯದ ಕೈಯಲ್ಲಲ್ಲ. ಹಾಗಾಗಿ ಈ ಕೆಲಸಕ್ಕೆ ನಿಮ್ಮ ಆದೇಶವೇ ಆಗಬೇಕು.

ವರದಿ ಬರೆಯದ ಇನ್ನೊಂದು ಬದಿಯೂ ಇದೆ. ಕ್ಯಾಂಪಸ್ ಬೆಳೆದಂತೆ ಸುತ್ತಲಿನ ಬಾಡಿಗೆ ಏರುತ್ತದೆ, ಅಲ್ಲಿಯೇ ಕೆಲಸ ಮಾಡುವ ಕಡಿಮೆ ಸಂಬಳದವರೇ ಮೊದಲು ದೂರ ಸರಿಯಬೇಕಾಗುತ್ತದೆ. ಆಸ್ತಿ ತೆರಿಗೆಯಿಂದ ವಿನಾಯಿತಿ ಪಡೆದ ಭೂಮಿ ಹಿಗ್ಗಿದಂತೆ, ಅದೇ ರಸ್ತೆ, ನೀರು, ಚರಂಡಿಯ ಹೊರೆ ಹೊತ್ತ ನಗರಾಡಳಿತದ ಆದಾಯ ಕುಗ್ಗುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯ ತಾನಿರುವ ನ್ಯೂ ಹೇವನ್ ನಗರಕ್ಕೆ ಸ್ವಯಂಪ್ರೇರಿತ ಪಾವತಿ ಕೊಡುತ್ತಿರುವುದು ಈ ಕಾರಣಕ್ಕೇ. ಮುಂದಿನ ಅನುದಾನದ ಕಡತದಲ್ಲಿ ಈ ಕಳೆಯುವ ಲೆಕ್ಕಕ್ಕೂ ಒಂದು ಪುಟ ಕಡ್ಡಾಯ ಮಾಡಿ. ಅದನ್ನು ಭರ್ತಿ ಮಾಡುವಾಗ ನಗರಾಡಳಿತದ ಅಧಿಕಾರಿಯೂ ಜೊತೆಗೆ ಕೂತು ಸಹಿ ಹಾಕಲಿ.

ಇಂತಿ,
ವಿಶ್ವವಿದ್ಯಾಲಯ ಮತ್ತು ಉದ್ಯಮಗಳ ನಡುವೆ ಕೆಲಸ ಮಾಡುವವರು