ಕಾಣದ ಗೋಡೆ

ಧಾರವಾಡ

ಚಿರಂಜೀವಿ ಅಳಿಯನಿಗೆ ಮಾಮಾನ ಆಶೀರ್ವಾದ.

ಮನೆಯ ಸುದ್ದಿಯೆಲ್ಲ ನಿಮ್ಮವ್ವ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ನೀನು ಮಾಡುವ ಬೆನ್ನುಮೂಳೆಯ ಆಪರೇಶನ್ ಬಗ್ಗೆ ಬರೆದ ಪತ್ರದ ಒಂದು ಸಾಲು ತಲೆಯಿಂದ ಇಳಿಯುತ್ತಿಲ್ಲ. ‘ಎಲುಬು ಕಣ್ಣಿಗೆ ಕಾಣದೆ ಸ್ಕ್ರೂ ಹಾಕುತ್ತೇನೆ ಮಾಮಾ. ಒಂದು ಎಳೆ ಒಳಗೆ ಸರಿದರೆ ರೋಗಿಯ ಕಾಲು ಹೋದೀತು’ ಅಂತ ಬರೆದಿದ್ದೀಯಲ್ಲ.

ತಮ್ಮಾ, ನಾನು ಡಾಕ್ಟರ್ ಅಲ್ಲ. ಹುಬ್ಬಳ್ಳಿಯಲ್ಲಿ ಲೆಡ್ ಏಪ್ರನ್ ಹೊತ್ತು, ಆಪರೇಶನ್ ನಡೆಯುವಾಗಲೇ ಎಕ್ಸ್‌ರೇ ತೋರಿಸುವ ಸಿ-ಆರ್ಮ್ ಯಂತ್ರ ತಿರುಗಿಸಿದವನು. ಆಗ ನಿನ್ನ ಹಾಗೆ ಸಣ್ಣ ತೂತಿನಿಂದಲ್ಲ, ಬೆನ್ನು ಪೂರ್ತಿ ತೆರೆಯುತ್ತಿದ್ದರು. ಎಲುಬು ಎದುರಿಗೇ ಇರುತ್ತಿತ್ತು. ಆದರೂ ಪೆಡಿಕಲ್‌ನ (ಬೆನ್ನಿನ ಮಣಿಯಲ್ಲಿ ಸ್ಕ್ರೂ ಹೋಗುವ ಕಿರಿದಾದ ಎಲುಬಿನ ಕಂಬ) ಒಳಗೋಡೆ, ನರಗಳ ಪಕ್ಕದ್ದು, ಅದೇ ನೀನು ಹೆದರುವ ಗೋಡೆ, ಆಗಲೂ ಸುಮ್ನೆ ಕಣ್ಣಿಗೆ ಬೀಳುತ್ತಿರಲಿಲ್ಲ. ನಿಮ್ಮಜ್ಜಿ ಕೌದಿ ಹೊಲಿಯುವಾಗ ಸೂಜಿ ಕೆಳಗೆಲ್ಲಿ ಬಂತು ಅಂತ ಬೆರಳಿಗೇ ಗೊತ್ತಾಗುತ್ತಿತ್ತಲ್ಲ, ಹಾಗೆ ಕೈಯಲ್ಲೇ ತಿಳಿಯಬೇಕಿತ್ತು. ನಿನಗೂ ಸ್ಕ್ರೂಗೆ ದಾರಿ ಮಾಡುವ ಸೂಜಿಗೆ ತಟ್ಟನೆ ತಡೆಯೇ ಇಲ್ಲ ಅನಿಸಿದರೆ ಅಲ್ಲೇ ನಿಲ್ಲಿಸಿ ಚಿತ್ರ ತೆಗೆಸು.

ಚಿತ್ರದ ವಿಷಯ ಮಾತ್ರ ಸ್ವಲ್ಪ ಅಧಿಕಾರದಿಂದ ಹೇಳಬಹುದೇನೋ. ಓರೆ ಚಿತ್ರ ಮೋಸ ಮಾಡುತ್ತದೆ. ಸ್ಪೈನಸ್ ಪ್ರೊಸೆಸ್, ಅಂದರೆ ಬೆನ್ನ ಹಿಂದೆ ಚಾಚಿದ ಎಲುಬು, ಎರಡು ಪೆಡಿಕಲ್‌ಗಳ ನಟ್ಟನಡುವೆ ಬರಬೇಕು, ಎಂಡ್‌ಪ್ಲೇಟ್, ಅಂದರೆ ಮಣಿಯ ಮೇಲಿನ ಅಂಚು, ಒಂದೇ ಗೆರೆಯಾಗಬೇಕು. ಪ್ರತಿ ಮಣಿಗೂ ಚಿತ್ರ ಹೊಸದಾಗಿ ಕೇಳು. ಟೆಕ್ನಿಷಿಯನ್ ಗೊಣಗಿದರೆ ಗೊಣಗಲಿ, ನಾನೂ ಗೊಣಗಿದವನೇ. ಪಕ್ಕದಿಂದ ತೆಗೆದ ಚಿತ್ರದಲ್ಲಿ ಸೂಜಿ ಮಣಿಯ ಹಿಂಗೋಡೆ ದಾಟುವವರೆಗೆ, ಸೊಂಟದ ಮಣಿಯಲ್ಲಾದರೆ ಸುಮಾರು 2 ಸೆಂಟಿಮೀಟರ್, ಎದುರಿನಿಂದ ತೆಗೆದ ಚಿತ್ರದಲ್ಲಿ ಅದರ ತುದಿ ಪೆಡಿಕಲ್‌ನ ಒಳಗೆರೆ ದಾಟಬಾರದು. ಇದನ್ನೆಲ್ಲ ನಿನಗೆ ಹೇಳುವುದು ಜಾಸ್ತಿಯೇ ಆಯಿತು.

ಒಂದು ಕೊರಗಿದೆ. ಗದಗಿನ ಕಡೆಯ ಹಮಾಲನೊಬ್ಬ ಟೇಬಲ್ ಹತ್ತುವಾಗ ‘ಮತ್ತ ಚೀಲ ಹೊರಾಕ ಆಗತೈತೇನ್ರಿ?’ ಅಂತ ನನ್ನನ್ನೇ ಕೇಳಿದ. ಆಗಬಹುದು ಅಂದೆ. ಆಮೇಲೆ ವಾರ್ಡಿಗೆ ಹೋಗಿ ನೋಡಲೇ ಇಲ್ಲ. ಪರದೆ ಆರಿದರೆ ನನ್ನ ಕೆಲಸ ಮುಗಿಯಿತು ಅಂದುಕೊಳ್ಳುತ್ತಿದ್ದೆ. ನಿನ್ನ ಪತ್ರ ಓದಿದ ಮೇಲೆ ಅವನದೇ ನೆನಪು.

ಅದಕ್ಕೇ, ಆಪರೇಶನ್ ಆದ ಮೇಲೆ ಸಿಟಿ ಸ್ಕ್ಯಾನ್ ಮಾಡಿಸಿದ್ದರೆ ನಿನ್ನ ಸ್ಕ್ರೂಗಳನ್ನು ನೀನೇ ಕೂತು ನೋಡು. ಸ್ಕ್ರೂ ಎಷ್ಟು ಸರಿಯಾಗಿ ಕೂತಿದೆ ಅಂತ ಅಳೆಯಲು ಗರ್ಟ್ಸ್‌ಬೈನ್, ರಾಬಿನ್ಸ್ ಇಬ್ಬರೂ 1990ರಲ್ಲಿ ಮಾಡಿದ ದರ್ಜೆ ನಿನಗೆ ಗೊತ್ತಿದೆ. ಎಲುಬಿನೊಳಗೇ ಇದ್ದರೆ ಎ, 2 ಮಿಲಿಮೀಟರ್‌ಗಿಂತ ಕಡಿಮೆ ಹೊರಬಿದ್ದರೆ ಬಿ. ಬಿ ಬಂದವರಲ್ಲಿ ಹೆಚ್ಚಿನವರು ಆರಾಮಾಗಿ ನಡೆದಾಡುತ್ತಾರೆ. ನೀನು ಹೆದರುವ ಆ ಒಂದು ಎಳೆಗೂ ಅಳತೆ ಇದೆ, ಅಲ್ವಾ? ಎದೆಯ ಮಧ್ಯದ ಮಣಿಗಳಲ್ಲಿ ಜಾಗ ತೀರಾ ಕಿರಿದು. ಅಲ್ಲಿ ಹೆದರಿಕೆ ಇರಲಿ. ಅಂಥ ಕೇಸ್ ಬಂದಾಗ ಹಿರಿಯರನ್ನು ಪಕ್ಕದಲ್ಲಿ ನಿಲ್ಲಿಸಿಕೊ.

ಸೂಜಿ ಎಲ್ಲಿದೆ ಅಂತ ಕಂಪ್ಯೂಟರ್ ಪರದೆಯಲ್ಲಿ ತೋರಿಸುವ ನ್ಯಾವಿಗೇಶನ್ ಬಂದಿದೆ ಅಂದೆ. ಒಳ್ಳೆಯದು. ಅದಕ್ಕೆ ಗುರುತಾಗಿ ರೋಗಿಗೆ ಸಿಕ್ಕಿಸಿರುವ ರೆಫರೆನ್ಸ್ ಫ್ರೇಮ್‌ಗೆ ಯಾರದಾದರೂ ಮೊಣಕೈ ತಾಗಿತೋ, ಪರದೆ ಧೈರ್ಯವಾಗಿ ಸುಳ್ಳು ಹೇಳುತ್ತದೆ. ಅನುಮಾನ ಬಂದರೆ ಮತ್ತೆ ಎಕ್ಸ್‌ರೇ ನೋಡು.

ನಿನ್ನ ಮಾಮಾ

ತಾ.ಕ.: ಸ್ಕ್ರೂಗೆ ಎಲುಬಿನಲ್ಲಿ ಮರೆ ಕೊರೆಯುವ ಟ್ಯಾಪ್ ತಿರುಗಿಸುವಾಗ, ಅದಕ್ಕೆ ದಾರಿ ತೋರುವ ತಂತಿ (ಗೈಡ್ ವೈರ್) ಯಾರು ಹಿಡಿಯಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಅದು ಮುಂದೆ ಸರಿದರೆ ಅಲ್ಲಿ ದೊಡ್ಡ ರಕ್ತನಾಳಗಳಿವೆ. ಇನ್ನೊಂದು ಹೆದರಿಕೆ ಕೊಟ್ಟೆನೇನೋ, ಬೈಯಬೇಡ.