ಒಂದೇ ಹೆಸರಿನ ಇಬ್ಬರು ಬರ್ಟನ್ನರು

ಸ್ವಾನ್ಸಿ, ವೇಲ್ಸ್

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮವಾಗಿದ್ದೇವೆ. ನಿಮ್ಮ ಮತ್ತು ಅಮ್ಮನ ಕ್ಷೇಮಸಮಾಚಾರಕ್ಕೆ ಬರೆಯುತ್ತಿರಬೇಕು.

ನೀವು ಶಿವಮೊಗ್ಗದ ಟಾಕೀಸಿನಲ್ಲಿ ನೋಡಿದ್ದ ರಿಚರ್ಡ್ ಬರ್ಟನ್ನರೇ ಮುಂದೆ ಕಾಮಿಕ್ ಪತ್ರಿಕೆಯೊಂದರ ಸಂಪಾದಕರಾದರೇ ಎಂದು ಫೋನಿನಲ್ಲಿ ಕೇಳಿದಿರಿ. ಅಲ್ಲ ಅಪ್ಪ, ಅವರು ಬೇರೆ, ಇವರು ಬೇರೆ. ಫೋನಿನಲ್ಲಿ ಅಷ್ಟು ಹೇಳಿ ಮುಗಿಸಲು ಮನಸ್ಸಾಗಲಿಲ್ಲ. ಆದ್ದರಿಂದ ಈ ಪತ್ರ.

ನಟ ಬರ್ಟನ್ ನಮಗೆ ಪಕ್ಕದೂರಿನವರು. 1925ರಲ್ಲಿ ಪಾಂಟ್ರಿಡಿವೆನ್ ಎಂಬ ಹಳ್ಳಿಯಲ್ಲಿ, ಕಲ್ಲಿದ್ದಲು ಗಣಿ ಕಾರ್ಮಿಕರೊಬ್ಬರ ಹದಿಮೂರು ಮಕ್ಕಳಲ್ಲಿ ಹನ್ನೆರಡನೆಯವರಾಗಿ ಹುಟ್ಟಿದಾಗ ಅವರ ಹೆಸರು ರಿಚರ್ಡ್ ಜೆಂಕಿನ್ಸ್, ಮನೆಮಾತು ವೆಲ್ಷ್. ಎರಡು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡದ್ದರಿಂದ ಪೋರ್ಟ್ ಟಾಲ್ಬಟ್‌ನಲ್ಲಿದ್ದ ಅಕ್ಕ ಸಾಕಿದರು. ಶಾಲೆಯ ಮೇಷ್ಟ್ರು ಫಿಲಿಪ್ ಬರ್ಟನ್ ಹುಡುಗನ ಕಂಠವನ್ನು ಗುರುತಿಸಿ, ಉಚ್ಚಾರಣೆಯನ್ನು ತಿದ್ದಿ, ಕೊನೆಗೆ ದತ್ತು ತೆಗೆದುಕೊಳ್ಳಲೂ ಹೊರಟರು. ಆದರೆ ಇಬ್ಬರ ವಯಸ್ಸಿನ ನಡುವೆ ಇಪ್ಪತ್ತೊಂದು ವರ್ಷಗಳ ಅಂತರವಿರಬೇಕೆಂಬ ಕಾನೂನಿಗೆ ಬರೀ ಇಪ್ಪತ್ತು ದಿನ ಕಡಿಮೆ ಬಿತ್ತು! ಹೀಗಾಗಿ 1943ರಲ್ಲಿ ಮೇಷ್ಟ್ರು ಕಾನೂನುಬದ್ಧ ಪಾಲಕರಾದರು, ಹುಡುಗ ಅವರ ಹೆಸರನ್ನು ತನ್ನದಾಗಿಸಿಕೊಂಡ. ನಿರ್ದೇಶಕ ಎಚ್.ಎಲ್.ಎನ್. ಸಿಂಹ ಅವರು ಮುತ್ತುರಾಜರನ್ನು ರಾಜಕುಮಾರ್ ಮಾಡಿದ ಕಥೆಯನ್ನು ನೂರು ಸಲ ಹೇಳಿದ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ಏಳು ಸಲ ಆಸ್ಕರ್‌ಗೆ ಹೆಸರು ಹೋದರೂ ಒಮ್ಮೆಯೂ ಪ್ರಶಸ್ತಿ ಬರಲಿಲ್ಲ. 1984ರ ಆಗಸ್ಟ್‌ನಲ್ಲಿ, ಐವತ್ತೆಂಟನೇ ವಯಸ್ಸಿನಲ್ಲಿ, ಸ್ವಿಟ್ಜರ್ಲೆಂಡ್‌ನಲ್ಲಿ ತೀರಿಕೊಂಡರು. ಅವರ ದಿನಚರಿಗಳು ಇಲ್ಲಿನ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ.

ನನ್ನ ಮನಸ್ಸನ್ನು ಹೆಚ್ಚು ಹಿಡಿದಿರುವವರು ಇನ್ನೊಬ್ಬ ಬರ್ಟನ್. ಅವರು 1970ರ ದಶಕದಲ್ಲಿ ಕಾಮಿಕ್ ಅಭಿಮಾನಿಗಳಿಗಾಗಿ ತಾವೇ ಒಂದು ಪತ್ರಿಕೆ ಹೊರಡಿಸುತ್ತಿದ್ದರು. ಮುಂದೆ ಲಂಡನ್ನಿನ ‘2000 ಎಡಿ’ ವಾರಪತ್ರಿಕೆಗೆ ಸಹಾಯಕರಾಗಿ ಸೇರಿ, 1987ರಿಂದ 1994ರವರೆಗೆ ಅದರ ಸಂಪಾದಕರಾಗಿದ್ದರು. 1977ರಲ್ಲಿ ಆರಂಭವಾದ ಆ ಪತ್ರಿಕೆಯ ಪದ್ಧತಿಯೇ ವಿಚಿತ್ರ. ಓದುಗರ ಮಟ್ಟಿಗೆ ಅದರ ಸಂಪಾದಕ ಮನುಷ್ಯನೇ ಅಲ್ಲ, ಬೀಟಲ್‌ಜ್ಯೂಸ್ ನಕ್ಷತ್ರದ ಕಡೆಯಿಂದ ಬಂದ ಥಾರ್ಗ್ ಎಂಬ ಹಸಿರು ಮೈಯ ಅನ್ಯಲೋಕದವನು. ಆ ನಕ್ಷತ್ರ ಯಾವುದು ಗೊತ್ತೇ ಅಪ್ಪ? ಮಳೆಗಾಲದಲ್ಲಿ ನೀವು ದಿನ ಎಣಿಸುತ್ತಿದ್ದ ನಮ್ಮ ಆರಿದ್ರೆ! ಕಚೇರಿಯಲ್ಲಿ ದುಡಿಯುವವರೆಲ್ಲ ಆ ಥಾರ್ಗ್‌ನ ಯಂತ್ರಮಾನವರು. ನಮ್ಮ ಬರ್ಟನ್ ಅಲ್ಲಿ ‘ಬರ್ಟ್’ ಎಂಬ ಯಂತ್ರ. ಕಾರ್ಕಳದ ಅನಂತ ಪೈ ಅವರು ‘ಅಂಕಲ್ ಪೈ’ ಆಗಿ ತಮ್ಮ ಹೆಸರಿನಲ್ಲೇ ಮಕ್ಕಳಿಗೆ ಹತ್ತಿರವಾದರು. ಇಲ್ಲಿ ಓದುಗರ ಪತ್ರಗಳಿಗೆಲ್ಲ ಥಾರ್ಗ್‌ನ ಹೆಸರಿನಲ್ಲೇ ಉತ್ತರ ಹೋಗುತ್ತಿತ್ತು.

ಹಳೆಯ ಪುಸ್ತಕದಂಗಡಿಯಲ್ಲಿ ಆ ಕಾಲದ ಎರಡು ಸಂಚಿಕೆ ಕೊಂಡು ತಂದೆ. ಪ್ರತಿ ಕಥೆಯಲ್ಲೂ ಒಂದು ಪುಟ್ಟ ಚೌಕವಿದೆ. ಅದರೊಳಗೆ ಕಥೆ ಬರೆದವರು, ಚಿತ್ರ ಬಿಡಿಸಿದವರು, ಅಕ್ಷರ ಬರೆದವರು ಹೀಗೆ ಸಾಲಾಗಿ ಹೆಸರುಗಳು. ಅಕ್ಷರ ಬರೆದವರಿಗೂ ಹೆಸರಿದೆ ಎಂದು ಸಂತೋಷವಾಯಿತು. ಆದರೆ ಆ ಚೌಕಗಳಲ್ಲಿ ಸಂಪಾದಕರಿಗೆ ಜಾಗವಿರಲಿಲ್ಲ. ಅದನ್ನು ಹಿಡಿದು ಕುಳಿತಾಗ ನೆನಪಾದವರು ನೀವು. ಊಟದ ತಟ್ಟೆಯ ಪಕ್ಕದಲ್ಲಿ ಕರಡಿನ ಹಾಳೆಗಳನ್ನು ಹರಡಿಕೊಂಡು, ಬಿಟ್ಟುಹೋದ ಒತ್ತಕ್ಷರವೊಂದಕ್ಕಾಗಿ ಸಾರು ಆರಿಹೋಗುವವರೆಗೆ ಹುಡುಕುತ್ತಿದ್ದ ನಿಮ್ಮ ತೋರುಬೆರಳಿನ ಕೆಂಪು ಮಸಿ ಕಣ್ಣಿಗೆ ಕಟ್ಟಿತು. ಮೂವತ್ತು ವರ್ಷ ನೀವು ಕರಡು ತಿದ್ದಿದ ಪತ್ರಿಕೆಯ ಯಾವ ಪುಟದಲ್ಲೂ ನಿಮ್ಮ ಹೆಸರು ಬಂದದ್ದನ್ನು ನಾನು ನೋಡಿಲ್ಲ. ಅದಕ್ಕೆ ಚಿಕ್ಕಂದಿನಲ್ಲಿ ನನಗೆ ಸಿಟ್ಟು ಬರುತ್ತಿತ್ತು. ನಿಜ ಹೇಳಬೇಕೆಂದರೆ ಈಗಲೂ ಬರುತ್ತದೆ.

ಒಂದು ಸಂಚಿಕೆಯನ್ನು ಅಂಚೆಯಲ್ಲಿ ಕಳಿಸಿದ್ದೇನೆ. ಮಾತಿನ ಗುಳ್ಳೆಗಳೊಳಗಿನ ಕೈಬರಹದ ಅಕ್ಷರಗಳನ್ನು ನಿಮ್ಮ ಭೂತಗನ್ನಡಿ ಹಿಡಿದು ನೋಡಿ. ತಪ್ಪು ಸಿಕ್ಕಿದರೆ ಪುಟಸಂಖ್ಯೆ ಸಮೇತ ಬರೆಯಿರಿ. ಅಮ್ಮನಿಗೆ ನನ್ನ ನಮಸ್ಕಾರಗಳನ್ನು ತಿಳಿಸಿ.

ಇತಿ ನಿಮ್ಮ ಆಶೀರ್ವಾದ ಬೇಡುವ
ಮಗಳು