ಔಷಧ ಖರೀದಿಯಲ್ಲಿ ನೆರೆಯ ದೇಶಗಳು ಕೈಜೋಡಿಸಲಿ

ಮಾನ್ಯ ಸಂಪಾದಕರೇ,

ಔಷಧಗಳ ದುಬಾರಿ ಬೆಲೆಯ ಬಗ್ಗೆ ಪತ್ರಿಕೆಗಳಲ್ಲಿ ನಡೆಯುವ ಚರ್ಚೆ ಸಾಮಾನ್ಯವಾಗಿ ಪೇಟೆಂಟ್ ಕಾನೂನು, ಕಂಪನಿಗಳ ಲಾಭ ಮತ್ತು ಸರ್ಕಾರದ ಸಹಾಯಧನ ಇವಿಷ್ಟರಲ್ಲೇ ಮುಗಿದುಹೋಗುತ್ತದೆ. ಇವು ಮುಖ್ಯವಲ್ಲವೆಂದು ಯಾರೂ ಹೇಳಲಾರರು. ಆದರೆ ಅಕ್ಕಪಕ್ಕದ ದೇಶಗಳು ಒಟ್ಟಾಗಿ ಔಷಧ ಕೊಳ್ಳುವ ಮತ್ತು ಅದರ ಗುಣಮಟ್ಟವನ್ನು ಒಟ್ಟಾಗಿ ಪರಿಶೀಲಿಸುವ ದಾರಿಯೊಂದಿದೆ. ಹಲವೆಡೆ ಅದು ಫಲ ಕೊಟ್ಟಿದ್ದರೂ ಅದರ ಕುರಿತ ಮಾತು ಕೇಳಿಬರುವುದು ಅಪರೂಪ. ಆಸ್ಪತ್ರೆಯ ಔಷಧ ಉಗ್ರಾಣದ ಹೊಣೆ ಹೊತ್ತು, ದಾಸ್ತಾನು ಮುಗಿದಿದೆ ಎಂದು ರೋಗಿಗಳಿಗೆ ಹೇಳಬೇಕಾಗಿ ಬಂದವರಲ್ಲಿ ನಾನೂ ಒಬ್ಬಳು. ಆ ಕಾರಣಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಪೇಟೆಂಟ್ ಮುಗಿದರೆ ಔಷಧ ತಾನಾಗಿಯೇ ಕೈಗೆ ಸಿಗುತ್ತದೆ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಸಂಧಿವಾತ ಜ್ವರದಿಂದ ಹೃದಯದ ಕವಾಟಗಳು ಹಾಳಾಗುವುದನ್ನು ತಡೆಯುವ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು ಹಳೆಯದು, ಅಗ್ಗದ್ದು, ಅದಕ್ಕೆ ಯಾವ ಪೇಟೆಂಟೂ ಅಡ್ಡ ನಿಂತಿಲ್ಲ. ಹಾಗಿದ್ದೂ ಹಲವು ದೇಶಗಳಲ್ಲಿ ಅದರ ಕೊರತೆ ಮತ್ತೆ ಮತ್ತೆ ತಲೆದೋರಿದೆ. ಸಣ್ಣ ದೇಶವೊಂದು ಕೆಲವೇ ಸಾವಿರ ಸೀಸೆಗಳಿಗೆ ಟೆಂಡರ್ ಕರೆದರೆ, ಆ ಒಂದು ದೇಶದಲ್ಲಿ ಮಾರಾಟಕ್ಕೆ ಅನುಮತಿ ಕೋರುವ ನೋಂದಣಿ ಕಡತ ಸಿದ್ಧಪಡಿಸಿ, ಶುಲ್ಕ ಕಟ್ಟಿ, ಅಲ್ಲಿಯ ಭಾಷೆಯಲ್ಲಿ ಪೆಟ್ಟಿಗೆಯನ್ನೂ ಮಾಹಿತಿ ಚೀಟಿಯನ್ನೂ ಬೇರೆಯಾಗಿ ಮುದ್ರಿಸುವ ಖರ್ಚು ತಯಾರಕರಿಗೆ ಬರುವ ಲಾಭವನ್ನು ನುಂಗಿಹಾಕುತ್ತದೆ. ಹೀಗಾಗಿ ಒಂದೋ ಯಾರೂ ಟೆಂಡರ್ ಸಲ್ಲಿಸುವುದಿಲ್ಲ, ಇಲ್ಲವೇ ಸಲ್ಲಿಸಿದ ಒಬ್ಬರೇ ತಮಗೆ ತೋಚಿದ ದರ ನಮೂದಿಸುತ್ತಾರೆ.

ಇದಕ್ಕೆ ಉತ್ತರ ಕಂಡುಕೊಂಡವರ ಪೈಕಿ ನನ್ನ ಮಟ್ಟಿಗೆ ಮೊದಲು ನಿಲ್ಲುವವು ಪೂರ್ವ ಕೆರಿಬಿಯನ್‌ನ ದ್ವೀಪರಾಷ್ಟ್ರಗಳು. ಡೊಮಿನಿಕಾ, ಸೇಂಟ್ ಲೂಸಿಯಾ, ಗ್ರೆನಡಾದಂಥ ಈ ದೇಶಗಳಲ್ಲಿ ಕೆಲವದರ ಜನಸಂಖ್ಯೆ ಒಂದು ಲಕ್ಷವನ್ನೂ ಮುಟ್ಟುವುದಿಲ್ಲ. 1986ರಲ್ಲಿ ಅವು ಸರ್ಕಾರಿ ಆಸ್ಪತ್ರೆಗಳಿಗೆ ಬೇಕಾದ ಔಷಧಗಳನ್ನು ಜಂಟಿಯಾಗಿ ಖರೀದಿಸುವ ಸಂಸ್ಥೆಯೊಂದನ್ನು ಕಟ್ಟಿಕೊಂಡವು. ದರ ಗಣನೀಯವಾಗಿ ಇಳಿಯಿತು. ಒಟ್ಟು ಪ್ರಮಾಣ ಹೆಚ್ಚಿದ್ದಕ್ಕೆ ದರ ಇಳಿಯಿತೆಂದು ಹೇಳಿ ಸುಮ್ಮನಾಗುವವರು ಅದರ ಅಸಲು ಗುಟ್ಟನ್ನು ಗಮನಿಸಿಲ್ಲ ಎನ್ನಬೇಕು. ಪ್ರತಿ ಸದಸ್ಯ ದೇಶವೂ ತನ್ನ ವಾರ್ಷಿಕ ಔಷಧ ಬಜೆಟ್‌ನ ಮೂರನೇ ಒಂದು ಭಾಗವನ್ನು ಆ ದೇಶಗಳಿಗೆಲ್ಲ ಒಂದೇ ಆಗಿರುವ ಕೇಂದ್ರ ಬ್ಯಾಂಕಿನಲ್ಲಿ ಮುಂಗಡವಾಗಿ ಇಡುವ ವ್ಯವಸ್ಥೆ ಅಲ್ಲಿತ್ತು. ಸರಕು ತಲುಪಿದ ಮೇಲೆ ಹಣ ಆ ಖಾತೆಯಿಂದ ಪೂರೈಕೆದಾರರಿಗೆ ಸಂದಾಯವಾಗುತ್ತಿತ್ತೇ ಹೊರತು ಯಾವ ಖಜಾನೆಯ ಮೇಜಿನ ಮೇಲೂ ಬಿಲ್ಲು ಕೊಳೆಯುತ್ತಿರಲಿಲ್ಲ. ಸರ್ಕಾರಗಳು ತಡವಾಗಿ ಹಣ ಕೊಡುತ್ತವೆಂಬ ಭಯವನ್ನು ಪೂರೈಕೆದಾರರು ದರದಲ್ಲೇ ಸೇರಿಸಿಬಿಡುತ್ತಾರೆ ಎಂಬುದು ಖರೀದಿ ವಿಭಾಗದಲ್ಲಿ ಕೆಲಸ ಮಾಡಿದ ಎಲ್ಲರಿಗೂ ಗೊತ್ತು. ಆ ಭಯವನ್ನು ತೆಗೆದುಹಾಕಿದ್ದೇ ಈ ದ್ವೀಪಗಳ ದೊಡ್ಡ ಸಾಧನೆ. ಸಂಸ್ಥೆಯ ಖರ್ಚಿಗೂ ಖರೀದಿಯ ಮೇಲೆ ವಿಧಿಸುವ ಸಣ್ಣ ಶುಲ್ಕವೇ ಮೂಲವಾದ್ದರಿಂದ ಆರಂಭದ ವರ್ಷಗಳ ನಂತರ ಅದು ದಾನಿಗಳ ಮರ್ಜಿಯ ಮೇಲೆ ಬದುಕಬೇಕಾಗಿ ಬರಲಿಲ್ಲ.

ಲಸಿಕೆಗಳ ವಿಷಯದಲ್ಲಿ ಅಮೆರಿಕ ಖಂಡಗಳ ಆರೋಗ್ಯ ಸಂಘಟನೆ 1977ರಲ್ಲೇ ಆವರ್ತ ನಿಧಿಯೊಂದನ್ನು ಸ್ಥಾಪಿಸಿತ್ತು. ನಿಧಿ ಮೊದಲು ಹಣ ಪಾವತಿಸಿ ಲಸಿಕೆ ತರಿಸುತ್ತದೆ, ಲಸಿಕೆ ಕೈಸೇರಿದ ಮೇಲೆ ದೇಶಗಳು ಹಣ ತುಂಬಿಕೊಡುತ್ತವೆ. ದೊಡ್ಡ ದೇಶಕ್ಕೂ ಪುಟ್ಟ ದೇಶಕ್ಕೂ ದರ ಒಂದೇ.

ಕೊಳ್ಳುವ ಮಾತಿಗಿಂತ ಕಷ್ಟದ್ದು ನೋಂದಣಿಯದ್ದು. ಒಂದೇ ಮಾತ್ರೆಯ ಒಂದೇ ಕಡತವನ್ನು ನಾಲ್ಕು ನೆರೆಯ ದೇಶಗಳ ತಜ್ಞರು ನಾಲ್ಕು ಬಾರಿ ಓದುವುದರಲ್ಲಿ ಅರ್ಥವಿಲ್ಲ. ಅದರಲ್ಲೂ ಆ ನಾಲ್ಕೂ ಕಡೆ ತಜ್ಞರ ಕೊರತೆಯೇ ಇದ್ದಾಗ ಇದು ಶುದ್ಧ ನಷ್ಟ. 2012ರಲ್ಲಿ 'ಪೂರ್ವ ಆಫ್ರಿಕಾ ಸಮುದಾಯ' ಎಂಬ ದೇಶಗಳ ಒಕ್ಕೂಟ ಔಷಧ ನಿಯಂತ್ರಣದ ನಿಯಮಗಳನ್ನು ಹೊಂದಿಸುವ ಕಾರ್ಯಕ್ರಮ ಆರಂಭಿಸಿತು. 2013ರಲ್ಲಿ ಜಾಂಬಿಯಾ, ಜಿಂಬಾಬ್ವೆ, ಬೋಟ್ಸ್ವಾನಾ ಮತ್ತು ನಮೀಬಿಯಾ ಕಡತಗಳನ್ನು ಹಂಚಿಕೊಂಡು ಓದುವ 'ಜಾಜಿಬೋನಾ' ವ್ಯವಸ್ಥೆ ರೂಪಿಸಿದವು. ಇವುಗಳ ಹಾದಿಯಲ್ಲೇ ಮುಂದುವರಿದ ಆಫ್ರಿಕಾ 2019ರಲ್ಲಿ ಖಂಡಕ್ಕೆಲ್ಲ ಒಂದೇ ಔಷಧ ಸಂಸ್ಥೆಯ ಒಪ್ಪಂದವನ್ನು ಅಂಗೀಕರಿಸಿತು. 2021ರ ನವೆಂಬರ್‌ನಲ್ಲಿ ಅದು ಜಾರಿಗೆ ಬಂತು. ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಜಂಟಿ ಪರಿಶೀಲನೆ ಮುಗಿದು ಶಿಫಾರಸು ಹೊರಬಿದ್ದ ಮೇಲೂ ಆಯಾ ದೇಶದ ನೋಂದಣಿ ಕಚೇರಿಗಳು ಅಂತಿಮ ಪರವಾನಗಿ ಕೊಡುವುದನ್ನು ಮುಂದೂಡಿದ ಉದಾಹರಣೆಗಳು ಬೇಕಾದಷ್ಟಿವೆ. ನೆರೆಯವರ ತಪಾಸಣೆಯನ್ನು ನಂಬುವುದೆಂದರೆ ಸಾರ್ವಭೌಮತ್ವ ಬಿಟ್ಟುಕೊಟ್ಟಂತೆ ಎಂಬ ಅಳುಕು ಅಧಿಕಾರಿಗಳಲ್ಲಿದೆ. ನೋಂದಣಿ ಶುಲ್ಕದ ವರಮಾನ ಕೈತಪ್ಪೀತು ಎಂಬ ಲೆಕ್ಕಾಚಾರವೂ ಇದೆ. ಶಿಫಾರಸಿನ ನಂತರ ಇಷ್ಟು ದಿನಗಳೊಳಗೆ ತೀರ್ಮಾನ ಆಗಲೇಬೇಕು, ನಿರಾಕರಿಸುವುದಾದರೆ ಕಾರಣವನ್ನು ಲಿಖಿತವಾಗಿ ಕೊಡಬೇಕು ಎಂಬ ನಿಯಮವಿಲ್ಲದೆ ಜಂಟಿ ಪರಿಶೀಲನೆ ಕಾಗದದ ಮೇಲೇ ಉಳಿಯುತ್ತದೆ.

ಇದು ಬಡ ದೇಶಗಳ ಪಾಡು ಮಾತ್ರ ಎಂದುಕೊಳ್ಳಬೇಕಿಲ್ಲ. ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳು ಜಂಟಿ ಖರೀದಿಯ ಜೊತೆಗೆ ಕೊರತೆ ಬಿದ್ದಾಗ ಒಬ್ಬರಿಂದೊಬ್ಬರು ಔಷಧ ಎರವಲು ಪಡೆಯುವುದಕ್ಕೂ 2012ರಲ್ಲಿ ಒಪ್ಪಂದ ಮಾಡಿಕೊಂಡಿವೆ. ಮೂರೂ ಭಾಷೆಗಳಲ್ಲಿ ಮುದ್ರಿಸಿದ ಒಂದೇ ಪೆಟ್ಟಿಗೆ ಅಲ್ಲಿ ಮಾರಾಟವಾಗುತ್ತದೆ. ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್ 2018ರಲ್ಲಿ ಬೆನ್ನುಹುರಿಯ ಸ್ನಾಯುಕ್ಷಯಕ್ಕೆ ಕೊಡುವ ಅತಿ ದುಬಾರಿ ಔಷಧವಾದ ನುಸಿನರ್ಸೆನ್‌ಗಾಗಿ ಒಟ್ಟಾಗಿ ಚೌಕಾಸಿ ಮಾಡಿ ಒಪ್ಪಂದಕ್ಕೆ ಬಂದವು. ಆದರೆ ಕೊಟ್ಟ ಬೆಲೆ ಗುಟ್ಟಾಗಿಯೇ ಉಳಿಯಿತು. ಈ ಗುಟ್ಟು ನನಗೆ ಸರಿಕಾಣುವುದಿಲ್ಲ. ಪಕ್ಕದ ದೇಶ ಎಷ್ಟು ಕೊಡುತ್ತಿದೆ ಎಂಬುದು ತಿಳಿಯದ ಖರೀದಿದಾರ ಕಣ್ಣು ಕಟ್ಟಿಕೊಂಡು ಸಂತೆಗೆ ಹೋದಂತೆ. ನಿಜವಾದ ದರಗಳನ್ನು ಬಹಿರಂಗಪಡಿಸಬೇಕೆಂದು ವಿಶ್ವ ಆರೋಗ್ಯ ಸಭೆ 2019ರ ಮೇ ತಿಂಗಳಲ್ಲಿ ನಿರ್ಣಯವನ್ನೇ ಅಂಗೀಕರಿಸಿದೆ. ನೆರೆಯ ಸರ್ಕಾರಗಳು ಕನಿಷ್ಠ ಪರಸ್ಪರರಿಗಾದರೂ ದರಪಟ್ಟಿ ತೋರಿಸಿಕೊಳ್ಳಲು ಅಡ್ಡಿಯಾಗುವ ಷರತ್ತುಗಳಿಗೆ ಸಹಿ ಹಾಕಬಾರದು.

ಪೇಟೆಂಟ್ ಇರುವ ಔಷಧಗಳಿಗೂ ಪ್ರಾದೇಶಿಕ ದಾರಿಯಿದೆ. ವಿಶ್ವ ವ್ಯಾಪಾರ ಸಂಸ್ಥೆಯ ಬೌದ್ಧಿಕ ಸ್ವತ್ತಿನ ಒಪ್ಪಂದಕ್ಕೆ 2017ರ ಜನವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಸದಸ್ಯರಲ್ಲಿ ಅರ್ಧದಷ್ಟಾದರೂ ಅತಿ ಹಿಂದುಳಿದ ದೇಶಗಳಿರುವ ಪ್ರಾದೇಶಿಕ ವ್ಯಾಪಾರ ಒಕ್ಕೂಟವೊಂದರಲ್ಲಿ, ಕಡ್ಡಾಯ ಪರವಾನಗಿಯಡಿ (ಪೇಟೆಂಟ್ ಹೊಂದಿದವರ ಒಪ್ಪಿಗೆಯಿಲ್ಲದೆ ಸರ್ಕಾರ ಕೊಡುವ ಅನುಮತಿಯಡಿ) ತಯಾರಿಸಿದ ಅಥವಾ ಆಮದು ಮಾಡಿಕೊಂಡ ಔಷಧವನ್ನು ಅದೇ ಆರೋಗ್ಯ ಸಮಸ್ಯೆ ಎದುರಿಸುತ್ತಿರುವ ಇತರ ಸದಸ್ಯ ದೇಶಗಳಿಗೂ ಕಳುಹಿಸಬಹುದು. ಕೆನಡಾದಿಂದ ಎಚ್‌ಐವಿ ಔಷಧ ತರಿಸಿಕೊಳ್ಳುವ ಇರಾದೆಯನ್ನು ರುವಾಂಡ 2007ರಲ್ಲಿ ಒಂಟಿಯಾಗಿ ಪ್ರಕಟಿಸಿದಾಗ, ಮೊದಲ ಸರಕು ತಲುಪುವ ಹೊತ್ತಿಗೆ ಒಂದು ವರ್ಷ ಕಳೆದಿತ್ತು. ಅಷ್ಟೆಲ್ಲ ಕಾಗದಪತ್ರದ ಶ್ರಮ ಒಂದೇ ದೇಶದ ಸಣ್ಣ ಬೇಡಿಕೆಗೆ ಹೇಗೆ ಗಿಟ್ಟೀತು?

ಹಾವು ಕಡಿತದ ಔಷಧವನ್ನೂ ಇಲ್ಲಿ ನೆನೆಯಬೇಕು. ಒಂದು ಪ್ರದೇಶದ ಹಾವಿನ ವಿಷಕ್ಕೆ ತಯಾರಿಸಿದ ಪ್ರತಿವಿಷ ದೂರದ ಮತ್ತೊಂದು ಪ್ರದೇಶದಲ್ಲಿ ಸರಿಯಾಗಿ ಕೆಲಸ ಮಾಡದೇ ಇರಬಹುದು. ಗಡಿಯ ಆಚೆಯೂ ಈಚೆಯೂ ಇರುವುದು ಅದೇ ಹಾವು. ಹಾಗಾಗಿ ಇದನ್ನು ತಯಾರಿಸಲು ಸಹಜವಾದ ಘಟಕ ನೆರೆಹೊರೆಯೇ. ಕೋಸ್ಟಾರಿಕಾದ ಕ್ಲೊಡೊಮಿರೊ ಪಿಕಾಡೊ ಸಂಸ್ಥೆ ಮಧ್ಯ ಅಮೆರಿಕದ ನೆರೆಯ ದೇಶಗಳಿಗೆ ಪ್ರತಿವಿಷ ಪೂರೈಸುತ್ತ ಬಂದಿರುವುದು ಇದಕ್ಕೆ ಸಾಕ್ಷಿ. ಲಾಭ ಕಡಿಮೆಯೆಂದು ದೊಡ್ಡ ಕಂಪನಿಗಳು ಕೈಬಿಡುವ ಇಂಥ ಔಷಧಗಳನ್ನು ಒಂದು ಸಾರ್ವಜನಿಕ ಪ್ರಯೋಗಾಲಯ ಇಡೀ ಪ್ರದೇಶಕ್ಕಾಗಿ ತಯಾರಿಸಬಲ್ಲದು. ಆದರೆ ನೆರೆಯ ಸರ್ಕಾರಗಳು ಮುಂದಿನ ವರ್ಷಕ್ಕೆ ಎಷ್ಟು ಬೇಕೆಂದು ಮೊದಲೇ ಬರೆದುಕೊಟ್ಟು ಅಷ್ಟನ್ನು ಕೊಳ್ಳಲೇಬೇಕು.

ಜಂಟಿ ಖರೀದಿಯ ಮಾತಾಡುವ ಸರ್ಕಾರಗಳು ಇಡೀ ಪ್ರದೇಶದ ಗುತ್ತಿಗೆಯನ್ನು ಒಬ್ಬ ಪೂರೈಕೆದಾರನಿಗೇ ಬರೆದುಕೊಡದಂತೆಯೂ ನೋಡಿಕೊಳ್ಳಬೇಕು. ಆ ಒಂದು ಕಾರ್ಖಾನೆಯ ಒಂದು ಬ್ಯಾಚ್ ಕೆಟ್ಟರೆ ಎಲ್ಲ ದೇಶಗಳ ಉಗ್ರಾಣಗಳೂ ಒಟ್ಟಿಗೇ ಬರಿದಾಗುತ್ತವೆ. ದರ ತುಸು ಹೆಚ್ಚಾದರೂ ಜೀವರಕ್ಷಕ ಔಷಧಗಳಿಗೆ ಕನಿಷ್ಠ ಇಬ್ಬರಿಗೆ ಪಾಲು ಹಂಚುವುದನ್ನು ಟೆಂಡರಿನ ಷರತ್ತಿನಲ್ಲೇ ಸೇರಿಸುವುದು ಒಳಿತು.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗಾರ್ತಿ